ಹುಡುಗನನ್ನು ಯಾರು ಕೇಳಿದರು?

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಯಾವ ವಿಷಯ ಕುರಿತು ಬೇಕಾದರೂ ಸಭೆ ಸೇರಿಸಬಹುದು. ಮಳೆ ಕೈಕೊಟ್ಟಿತೆಂದು ಸೇರಿಸಬಹುದು, ಶೇಂಗಾಕ್ಕೆ ಬೆಲೆಯಿಲ್ಲವೆಂದು ಸೇರಿಸಬಹುದು, ದನ ಮೇಯುತ್ತಿದ್ದ ಕಾವಲು ಕೈತಪ್ಪಿತೆಂದು ಸೇರಿಸಬಹುದು. ಆದರೆ ಒಂದು ವಿಷಯವಿದೆ. ಅದನ್ನೆತ್ತಿದೊಡನೆ ಹಿರಿಯರು ಕೆಮ್ಮುತ್ತಾರೆ, ಯುವಕರು ಮುಸಿಮುಸಿ ನಗುತ್ತಾರೆ, ಮುಖಂಡರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಅದು ಹುಡುಗರ ಸುನ್ನತಿಯ ವಿಷಯ. ಈ ವಾರ ನಾವು ಅದನ್ನೇ ಎತ್ತುತ್ತಿದ್ದೇವೆ. ಕೆಮ್ಮುವವರು ಕೆಮ್ಮಲಿ.

ಕಾರಣವಿಲ್ಲದೆ ಎತ್ತುತ್ತಿಲ್ಲ. ಕಳೆದ ತಿಂಗಳು ಹಿರಿಯರೊಬ್ಬರು ಚಂದಾ ಕಟ್ಟಲು ಕಚೇರಿಗೆ ಬಂದರು. ಅರವತ್ತು ದಾಟಿದವರು. ಹಣ ಕೊಟ್ಟು ರಸೀದಿ ಪಡೆದ ಮೇಲೂ ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಬಾಯಿಬಿಟ್ಟರು. ಹತ್ತು ವರ್ಷದವರಿದ್ದಾಗ ಜಾತ್ರೆಗೆ ಹೋಗೋಣ ಬಾ ಎಂದು ಕರೆದುಕೊಂಡು ಹೋದರಂತೆ. ಹೊಸ ಅಂಗಿ ತೊಡಿಸಿ ಕೈಗೆ ಬೆಲ್ಲ ಕೊಟ್ಟರಂತೆ. ಕಣ್ಣು ಮುಚ್ಚಿದವರು ಸೋದರಮಾವ; ತೊಡೆ ಅದುಮಿ ಹಿಡಿದದ್ದು ಅಪ್ಪನ ಕೈ. ಗಾಯ ಹದಿನೈದು ದಿನಕ್ಕೆ ಮಾಯಿತು. ಆದರೆ ಅಪ್ಪ "ಬಾ ಮಗ" ಎಂದು ಕರೆದಾಗಲೆಲ್ಲ ಮೈ ಬಿಗಿಯುವುದು ಅಪ್ಪ ಸಾಯುವ ತನಕವೂ ನಿಲ್ಲಲಿಲ್ಲ. ಈಗ ಮನೆಯಲ್ಲಿ ಮೊಮ್ಮಗನಿಗೆ ದಿನ ಗೊತ್ತು ಮಾಡುತ್ತಿದ್ದಾರೆ. ಬೇಡವೆನ್ನಲು ಬಾಯಿ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದರು. ಅವರ ಜಾತಿ ಯಾವುದು, ಮತ ಯಾವುದು ಎಂದು ನಾವು ಬರೆಯುವುದಿಲ್ಲ. ಓದುಗರು ಊಹಿಸುವುದೂ ಬೇಡ.

"ಇದು ಮುಸಲ್ಮಾನರ ವಿಷಯ, ನಮಗೇಕೆ?" ಎಂದು ಪತ್ರಿಕೆ ಮಡಿಸಲು ಹೊರಟವರು ತುಸು ತಾಳಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳನ್ನು ತೆರೆದು ನೋಡಲಿ. ನಮ್ಮ ಈ ಸೀಮೆಯ ಮ್ಯಾಸಬೇಡರಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗರಿಗೆ ಸುನ್ನತಿ ಮಾಡುವ ಪದ್ಧತಿ ಅಲ್ಲಿ ದಾಖಲಾಗಿದೆ. ಇವರು ಗಾದ್ರಿ ಪಾಲನಾಯಕನ ಕಥೆ ಹಾಡುವ ಜನ, ದೇವರ ಎತ್ತುಗಳನ್ನು ಕಟ್ಟಿಕೊಂಡು ಕಾವಲಿನಲ್ಲಿ ಕಿಲಾರಿಗಳಾಗಿ ಬಾಳಿದ ಜನ, ಹೆಂಡ ಮುಟ್ಟದ, ಕೋಳಿ ತಿನ್ನದ ಕಟ್ಟುನಿಟ್ಟಿನ ಜನ. ಇವರು ಮುಸಲ್ಮಾನರಲ್ಲ. ಆ ಪದ್ಧತಿಗೆ ಹಿಂದಿನ ಬಿಗಿ ಇಂದಿಲ್ಲ. ಆದರೆ ಅದನ್ನು ಮೈಮೇಲೆ ಹೊತ್ತ ಗಂಡಸರು ನಮ್ಮ ನೆರೆಹೊರೆಯಲ್ಲಿದ್ದಾರೆ. ಮುಸಲ್ಮಾನರ ಮನೆಗಳಲ್ಲಿ ಅದೇ ಕಾರ್ಯ ಮುಂಜಿ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಬ್ರಾಹ್ಮಣರ ಹುಡುಗನಿಗೆ ದಾರ ಹಾಕಿದರೂ ಮುಂಜಿ, ಇಲ್ಲಿ ಕತ್ತಿ ಹಾಕಿದರೂ ಮುಂಜಿ! ಎರಡಕ್ಕೂ ಊಟ ಹಾಕಿಸುತ್ತಾರೆ. ಎರಡರಲ್ಲೂ ಹುಡುಗನನ್ನು ಯಾರೂ ಕೇಳುವುದಿಲ್ಲ. ದಾರವನ್ನಾದರೂ ಬೇಡವೆನಿಸಿದ ದಿನ ತೆಗೆದಿಡಬಹುದು.

ಹತ್ತು ಹನ್ನೆರಡರ ವಯಸ್ಸು ಎಂಥದೆಂದು ತಂದೆತಾಯಿಗಳು ಯೋಚಿಸಬೇಕು. ನಾಚಿಕೆ ಹುಟ್ಟುವ ವಯಸ್ಸು ಅದು. ಮಾನವೆಂದರೇನೆಂದು ತಿಳಿಯುವ ವಯಸ್ಸು. ಯಾರು ಹಿಡಿದರು, ಯಾರು ನಕ್ಕರು, ಯಾರು ಸುಳ್ಳು ಹೇಳಿ ಕರೆತಂದರು ಎಂಬುದು ಆ ವಯಸ್ಸಿನವನಿಗೆ ಜೀವಮಾನವಿಡೀ ನೆನಪಿರುತ್ತದೆ.

ಚಿತ್ರದುರ್ಗದ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ಮದಕರಿನಾಯಕ ಸೆರೆಯಾದ. ಬೇಡರಲ್ಲಿ ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಮತಾಂತರಿಸಿ 'ಚೇಲಾ' ಪಡೆಗಳಿಗೆ ಸೇರಿಸಲಾಯಿತೆಂದು ಬಿ.ಎಲ್. ರೈಸರ ಗ್ಯಾಸೆಟಿಯರ್ ಹೇಳುತ್ತದೆ. ಮುಂದೆ 1780ರ ದಶಕದಲ್ಲಿ ಅದೇ ಶ್ರೀರಂಗಪಟ್ಟಣದಲ್ಲಿ ಜೇಮ್ಸ್ ಬ್ರಿಸ್ಟೋ, ಜೇಮ್ಸ್ ಸ್ಕರಿ ಎಂಬ ಇಂಗ್ಲಿಷರು ಸೆರೆಯಾಳುಗಳಾಗಿದ್ದರು. ತಮಗೆ ಬಲಾತ್ಕಾರದಿಂದ ಸುನ್ನತಿ ಮಾಡಿದ್ದನ್ನು ಅವರು ಪುಸ್ತಕ ಬರೆದು ಲೋಕಕ್ಕೆ ಸಾರಿದರು. ಓದಿದ ಲೋಕ ಅದನ್ನು ಅಪಮಾನವೆಂದೇ ಕರೆಯಿತು. ದುರ್ಗದ ಬೇಡ ಹುಡುಗರು ಪುಸ್ತಕ ಬರೆಯಲಿಲ್ಲ. ಅವರಿಗೆ ಅಕ್ಷರ ಕಲಿಸಿದವರಿರಲಿಲ್ಲ. ಬಡವನ ಮಗನ ನೋವು ಚರಿತ್ರೆಗೆ ಸೇರುವುದಿಲ್ಲ, ಲೆಕ್ಕಕ್ಕೆ ಮಾತ್ರ ಸೇರುತ್ತದೆ.

ಇಲ್ಲಿ ನಾವು ಒಂದು ನೇರ ಪ್ರಶ್ನೆ ಕೇಳುತ್ತೇವೆ. ಅರಸನು ಸೆರೆಯಾಳಿನ ಕೈಕಾಲು ಹಿಡಿಸಿ ಕತ್ತರಿಸಿದರೆ ಅದು ಅಪಮಾನ. ತಂದೆಯು ಮಗನ ಕೈಕಾಲು ಹಿಡಿಸಿ ಕತ್ತರಿಸಿದರೆ ಅದು ಹಬ್ಬವೇ? ತಂದೆಯಲ್ಲಿ ಪ್ರೀತಿಯಿದೆ, ಅರಸನಲ್ಲಿ ಇರಲಿಲ್ಲ, ಒಪ್ಪುತ್ತೇವೆ. ಆದರೆ ಮಲಗಿಸಲ್ಪಟ್ಟ ಹುಡುಗನಿಗೆ ಆ ಗಳಿಗೆಯಲ್ಲಿ ಕಾಣುವುದು ಪ್ರೀತಿಯಲ್ಲ, ಕತ್ತಿ.

ಈ ಚರಿತ್ರೆಯನ್ನು ಹಿಡಿದುಕೊಂಡು ಮಸೀದಿಯ ಮುಂದೆ ಘೋಷಣೆ ಕೂಗಲು ಹೊರಡುವ ಮಹನೀಯರಿಗೂ ಒಂದು ಮಾತು. ತಮಗೆ ಈ ಪತ್ರಿಕೆಯಲ್ಲಿ ಜಾಗವಿಲ್ಲ. ತಮಗೆ ಹುಡುಗನ ನೋವು ಬೇಕಿಲ್ಲ, ಹುಡುಗನ ಗುರುತು ಬೇಕು. 1947ರ ವಿಭಜನೆಯ ಗಲಭೆಗಳಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ ನೋಡಿ, ಬದುಕಬೇಕೋ ಸಾಯಬೇಕೋ ಎಂದು ತೀರ್ಪು ಕೊಟ್ಟವರು ತಮ್ಮಂಥವರೇ. ಅವರು ಎರಡು ಕಡೆಯೂ ಇದ್ದರು. ಮ್ಯಾಸಬೇಡನೊಬ್ಬ ಆ ಬೀದಿಯಲ್ಲಿ ಸಿಕ್ಕಿದ್ದರೆ ತಮ್ಮ ಲೆಕ್ಕ ಏನಾಗುತ್ತಿತ್ತು? ಮಗುವಿನ ಮೈಮೇಲೆ ಮತದ ಮುದ್ರೆ ಒತ್ತುವುದು ತಪ್ಪಾದರೆ, ಆ ಮುದ್ರೆ ನೋಡಿ ಕೊಲ್ಲುವುದು ಅದರ ನೂರುಪಾಲು ಪಾಪ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಹೆಚ್ಚಿನವರಿಗೆ ಆಸ್ಪತ್ರೆಯಲ್ಲಿಯೇ ಸುನ್ನತಿ ಮಾಡುತ್ತಿದ್ದರು. ಅಲ್ಲಿ ಅದನ್ನು ಮಾಡಿಸಿದ್ದು ಮತವಲ್ಲ, ವೈದ್ಯರ ರೂಢಿ. ಆದ್ದರಿಂದ ನಮ್ಮ ಜಗಳ ಯಾವ ಮತದ ಮೇಲೂ ಅಲ್ಲ. ಕೇಳದೆ ಎತ್ತುವ ಕತ್ತಿಯ ಮೇಲೆ.

ಮನಸ್ಸಿಗೆ ಪೆಟ್ಟಾಗುತ್ತದೆಂಬುದು ನಮ್ಮ ಕಲ್ಪನೆಯೇ? 1965ರಲ್ಲಿ ತುರ್ಕಿಯ ಮನಶ್ಶಾಸ್ತ್ರಜ್ಞೆ ಗೋಕ್ಚೆ ಜಾನ್‌ಸೆವೆರ್ ಅವರು ನಾಲ್ಕರಿಂದ ಏಳು ವರ್ಷದ ಹನ್ನೆರಡು ಹುಡುಗರನ್ನು ಸುನ್ನತಿಗೆ ಮೊದಲೂ ಆಮೇಲೂ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಮಕ್ಕಳು ಅದನ್ನು ತಮ್ಮ ಮೇಲೆ ನಡೆದ ಆಕ್ರಮಣವೆಂದೇ ತಿಳಿದಿದ್ದರು, ತಮ್ಮೊಳಗೆ ಕುಗ್ಗಿದ್ದರು. ಫಿಲಿಪೀನ್ಸಿನಲ್ಲಿ ಹನ್ನೊಂದರಿಂದ ಹದಿನಾರು ವಯಸ್ಸಿನ 1,577 ಹುಡುಗರನ್ನು ವಿಚಾರಿಸಿದ ರಾಮೋಸ್ ಮತ್ತು ಬಾಯ್ಲ್ ಅವರ ವರದಿಯೂ ಇದೆ. ಸಂಪ್ರದಾಯದಂತೆ ಕತ್ತರಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 69 ಮಂದಿಯಲ್ಲಿ, ವೈದ್ಯರ ಕೈಯಲ್ಲಿ ಆದವರಲ್ಲಿ ನೂರಕ್ಕೆ ಸುಮಾರು 51 ಮಂದಿಯಲ್ಲಿ, ಘೋರ ಅಪಘಾತ ಕಂಡವರಿಗೆ ಉಳಿಯುವಂಥ ಮಾನಸಿಕ ಆಘಾತದ ಲಕ್ಷಣಗಳು ಅವರಿಗೆ ಕಂಡವು. ಹಸುಗೂಸಿಗೆ ಏನು ತಿಳಿಯುತ್ತದೆ ಎನ್ನುವವರಿಗೆ ಕೆನಡಾದ ಟೊರಾಂಟೋದಲ್ಲಿ ವೈದ್ಯರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಹೇಳುತ್ತದೆ. ಹುಟ್ಟಿದಾಗ ಸುನ್ನತಿಯಾದ ಮಕ್ಕಳು ನಾಲ್ಕಾರು ತಿಂಗಳ ಮೇಲೆ ಲಸಿಕೆಯ ಸೂಜಿಗೆ ಉಳಿದ ಮಕ್ಕಳಿಗಿಂತ ಹೆಚ್ಚು ನರಳಿದವು. ಬಾಯಿ ಮರೆತದ್ದನ್ನು ಮೈ ಮರೆತಿರಲಿಲ್ಲ.

ಪ್ರತಿಯೊಬ್ಬನಿಗೂ ಹೀಗಾಗುತ್ತದೆಂದು ನಾವು ಹೇಳುವುದಿಲ್ಲ. ಸುನ್ನತಿಯಾಗಿಯೂ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿರುವ ಗಂಡಸರು ಕೋಟಿಗಟ್ಟಲೆ ಇದ್ದಾರೆ. ಅವರಿಗೆ ಇಲ್ಲದ ಕೊರತೆಯನ್ನು ಹೊರಿಸುವುದು ನಮ್ಮ ಕೆಲಸವಲ್ಲ. ಆದರೆ ನೊಂದವನೊಬ್ಬನಿದ್ದರೆ ಅವನಿಗೆ ಹೇಳಿಕೊಳ್ಳಲು ಜಾಗವೆಲ್ಲಿದೆ? ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲಾರಿಗೆ ಹದಿನಾರನೆಯ ವಯಸ್ಸಿನಲ್ಲಿ ಕುಲದ ಪದ್ಧತಿಯಂತೆ ಸುನ್ನತಿಯಾಯಿತು. ನೋವಿನಲ್ಲಿ ಒಂದು ಗಳಿಗೆ ತಡವರಿಸಿದ್ದಕ್ಕೆ, ಉಳಿದ ಹುಡುಗರು ತನಗಿಂತ ಗಟ್ಟಿಯಾಗಿ ಕಂಡದ್ದಕ್ಕೆ ತಮಗೆ ನಾಚಿಕೆಯಾಯಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಪ್ಪತ್ತೇಳು ವರ್ಷ ಸೆರೆಮನೆಗೆ ಬಗ್ಗದ ಮನುಷ್ಯನಿಗೂ ಆ ಗಳಿಗೆ ಮರೆತಿರಲಿಲ್ಲ! ಇದೇ ಈ ಪದ್ಧತಿಯ ಒಳಗಿನ ವಿಷ. ನೋಯಿಸಿದವರಿಗೆ ನಾಚಿಕೆಯಿಲ್ಲ, ನೊಂದವನಿಗೆ ನಾಚಿಕೆ. "ಗಂಡಸಾಗಿ ಅಳುತ್ತೀಯಾ?" ಎಂಬ ಒಂದು ಮಾತಿನಿಂದ ಹುಡುಗನ ಬಾಯಿ ಹೊಲಿದುಬಿಡುತ್ತಾರೆ. ಆ ಹುಡುಗನೇ ದೊಡ್ಡವನಾಗಿ ತನ್ನ ಮಗನ ತೊಡೆ ಹಿಡಿಯುತ್ತಾನೆ.

ನಾವು ಸಮಾಜವಾದಿಗಳು. ಡಾಕ್ಟರ್ ಲೋಹಿಯಾ ಅವರು ಹೇಳಿದ ಸಪ್ತಕ್ರಾಂತಿಗಳಲ್ಲಿ ಒಂದು, ವ್ಯಕ್ತಿಯ ಖಾಸಗಿ ಬದುಕಿನಲ್ಲಿ ಅನ್ಯಾಯವಾಗಿ ಕೈಹಾಕುವುದರ ವಿರುದ್ಧ. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಗಂಡಸರನ್ನು ಹಿಡಿದು ತಂದು ಕತ್ತರಿಸಿದ ಆ ಸರ್ಕಾರವನ್ನು 1977ರ ಚುನಾವಣೆಯಲ್ಲಿ ಉತ್ತರ ಭಾರತದ ಬಡವರು ಗುಡಿಸಿ ಹಾಕಿದರು. ಸರ್ಕಾರದ ಕತ್ತಿಗೆ ಹೀಗೆ ಎದ್ದುನಿಂತ ನಾವು, ಕುಲದ ಕತ್ತಿಯ ಮುಂದೆ ಕೈಕಟ್ಟಿ ನಿಲ್ಲಬೇಕೇ? ಬಡವನ ಮೈ ಸರ್ಕಾರದ ಸೊತ್ತಲ್ಲವಾದರೆ ಕುಲದ ಸೊತ್ತೂ ಅಲ್ಲ, ಅಪ್ಪನ ಸೊತ್ತೂ ಅಲ್ಲ.

ಎದುರು ವಾದಗಳನ್ನೂ ನೋಡೋಣ. "ಆರೋಗ್ಯಕ್ಕೆ ಒಳ್ಳೆಯದು" ಎನ್ನುತ್ತಾರೆ. ಏಡ್ಸ್ ರೋಗ ತೀವ್ರವಾಗಿರುವ ಆಫ್ರಿಕದ ದೇಶಗಳಲ್ಲಿ ಸುನ್ನತಿಯಿಂದ ಗಂಡಸರಿಗೆ ಸೋಂಕು ಕಡಿಮೆಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ನಿಜ. ಆದರೆ ಆ ಸಂಸ್ಥೆ ಅದಕ್ಕೆ ಇಟ್ಟ ಹೆಸರಿನಲ್ಲೇ 'ಸ್ವಇಚ್ಛೆಯ' ಎಂಬ ಪದವಿದೆ. ಹೆಣ್ಣುಗಂಡಿನ ಸಂಬಂಧದಿಂದ ಬರುವ ರೋಗಕ್ಕೆ ಹತ್ತು ವರ್ಷದ ಹುಡುಗನನ್ನು ಮಲಗಿಸುವ ಆತುರವೇನು? "ಹಾಗಾದರೆ ಲಸಿಕೆ ಹಾಕಿಸುವಾಗ ಮಗುವನ್ನು ಕೇಳುತ್ತೀರಾ?" ಎನ್ನುತ್ತಾರೆ. ಲಸಿಕೆ ತಡವಾದರೆ ಮಗು ಸಾಯಬಹುದು. ಇದು ತಡವಾದರೆ ಯಾರೂ ಸಾಯುವುದಿಲ್ಲ. ವೈದ್ಯರು ರೋಗಕ್ಕೆಂದು ಮಾಡುವ ಶಸ್ತ್ರಕ್ರಿಯೆಯ ಮಾತು ಬೇರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. "ಹಿರಿಯರು ಮಾಡಿಕೊಂಡು ಬಂದದ್ದು" ಎನ್ನುತ್ತಾರೆ. ದೇವದಾಸಿ ಬಿಡುವುದನ್ನೂ ಹಿರಿಯರೇ ಮಾಡಿಕೊಂಡು ಬಂದಿದ್ದರು. 1982ರಲ್ಲಿ ಕರ್ನಾಟಕ ಅದನ್ನು ಕಾನೂನಿನಿಂದ ನಿಷೇಧಿಸಿತು. ಮುಟ್ಟಾದವರನ್ನು ಹಟ್ಟಿಯ ಹೊರಗಿಡುವುದನ್ನೂ ಹಿರಿಯರೇ ಮಾಡಿಕೊಂಡು ಬಂದರು; ಹಾಗೆ ಬಲವಂತ ಮಾಡುವುದು 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯಿದೆಯ ಪ್ರಕಾರ ಅಪರಾಧ. ಆ ಕಾಯಿದೆಯ ಪಟ್ಟಿಯಲ್ಲಿ ಹುಡುಗನ ಸುನ್ನತಿಯ ಮಾತೇ ಇಲ್ಲ.

ಪೊಲೀಸರನ್ನು ಹಟ್ಟಿಗೆ ನುಗ್ಗಿಸಿ ಎಂದು ನಾವು ಕೇಳುತ್ತಿಲ್ಲ. ಲಾಠಿಯಿಂದ ಕತ್ತಿ ಕೆಳಗಿಳಿಯುವುದಿಲ್ಲ, ಮರೆಗೆ ಹೋಗುತ್ತದೆ. ದಕ್ಷಿಣ ಆಫ್ರಿಕದ 2005ರ ಮಕ್ಕಳ ಕಾಯಿದೆ ಮತಕ್ಕೂ ಚಿಕಿತ್ಸೆಗೂ ವಿನಾಯಿತಿ ಕೊಟ್ಟು, ಹದಿನಾರರ ಒಳಗಿನವರಿಗೆ ಉಳಿದ ಸುನ್ನತಿಯನ್ನು ನಿಷೇಧಿಸಿತು. ಹುಡುಗನ ವಯಸ್ಸು, ತಿಳಿವಳಿಕೆ ನೋಡಿ, ಬೇಡವೆನ್ನುವ ಹಕ್ಕು ಅವನಿಗಿದೆಯೆಂದೂ ಬರೆಯಿತು. ಮಕ್ಕಳ ಮಾತನ್ನು ಕೇಳಬೇಕೆಂಬ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವೂ 1992ರಲ್ಲಿ ಒಪ್ಪಿದೆ. ನಮ್ಮ ಬೇಡಿಕೆಯೂ ಅಷ್ಟೇ. ಹುಡುಗ ಬೆಳೆದು, ತಿಳಿದು, ತಾನೇ ಹೂಂ ಎನ್ನುವ ತನಕ ಕಾಯಿರಿ. ಉಹೂಂ ಎಂದರೆ ಬಿಡಿರಿ. ಅವನಿಗೂ ಅವನ ಮನೆಗೂ ದಂಡ ಬೇಡ, ಬಹಿಷ್ಕಾರ ಬೇಡ, ಹೆಣ್ಣು ಕೊಡೆವೆಂಬ ಬೆದರಿಕೆ ಬೇಡ. ಹೂಂ ಎಂದವನಿಗೂ ಅರಿವಳಿಕೆ ಕೊಟ್ಟು, ಕಲಿತ ವೈದ್ಯರು ಆಸ್ಪತ್ರೆಯಲ್ಲಿ ಮಾಡಲಿ.

ಇನ್ನೊಂದು ಬೇಡಿಕೆ ಸರ್ಕಾರಕ್ಕೆ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ಯುವ ಪ್ರಯೋಗ ನಡೆಸಿದ್ದು ಮೊಳಕಾಲ್ಮುರಿನ ಮಗ್ಗುಲಲ್ಲೇ ಇರುವ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಗಂಡಸರು ಈ ನೋವನ್ನು ಹೇಳಿಕೊಳ್ಳಲು, ನಗದೆ ಕೇಳುವ ಒಬ್ಬ ಮನುಷ್ಯನನ್ನು ಕೂರಿಸಿರಿ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ವೋಟಿಗೆಂದು ಹಟ್ಟಿಯ ಬಾಗಿಲಲ್ಲಿ ಕೈಮುಗಿಯುವವರು ಒಮ್ಮೆ ಹಟ್ಟಿಯ ಹುಡುಗನನ್ನೂ ಮಾತನಾಡಿಸಲಿ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಬೇಕು ಎಂದಿದೆ. ಹಿರಿಯರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂದೂ ಅದೇ ಬಂಡೆಯ ಮೇಲಿದೆ. ಜಾತ್ರೆಗೆಂದು ಸುಳ್ಳು ಹೇಳಿ ಕರೆದೊಯ್ಯುವವರು ಆ ಎರಡು ಮಾತುಗಳನ್ನೂ ಓದಬೇಕು.

ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೇ, ಅಂದು ನಾವು ತಮಗೆ ಉತ್ತರ ಹೇಳಲಿಲ್ಲ. ಇಂದು ಹೇಳುತ್ತಿದ್ದೇವೆ. ಗೊತ್ತು ಮಾಡಿದ ದಿನಕ್ಕೆ ಇನ್ನೂ ಸಮಯವಿದೆ. ಮನೆಯಲ್ಲಿ ವಾದ ಹೂಡಬೇಡಿ, ಶಾಸ್ತ್ರ ಹೇಳಬೇಡಿ. ಮಗನನ್ನೂ ಮೊಮ್ಮಗನನ್ನೂ ಹತ್ತಿರ ಕೂರಿಸಿಕೊಂಡು, ಐವತ್ತು ವರ್ಷ ಬಚ್ಚಿಟ್ಟು ನಮಗೆ ಹೇಳಿದಿರಲ್ಲ, ಅಷ್ಟನ್ನೇ ಅವರಿಗೂ ಹೇಳಿ. ಆಮೇಲೆ ಮೊಮ್ಮಗನನ್ನು ಕೇಳಿ.