ಪೆನ್‌ಡ್ರೈವ್‌ಗೂ ‘ಯಾವೂರ್ರೀ?’ ಅಂತ ಕೇಳ್ತದ!

ನಮ್ಮ ಲಚ್ಯಾಣ ಸ್ಟೇಷನ್ನಿನಲ್ಲಿ ಹೊಸಬರು ಇಳಿದರೆ ಹಿರಿಯರು ಮೊದಲು ಕೇಳೋದು, ‘ಯಾವೂರ್ರೀ? ಯಾರ ಮನಿಗೆ ಬಂದೀರಿ?’ ಪೆನ್‌ಡ್ರೈವ್ ಹಾಕಿದಾಗ ಕಂಪ್ಯೂಟರ್ ಮಾಡೋದೂ ಇದೇ ವಿಚಾರಣೆ.

ಹಾಕಿದ ಕೂಡಲೇ ಪೆನ್‌ಡ್ರೈವ್‌ಗೆ ಕರೆಂಟ್ ಸಿಗುತ್ತದೆ. ಅದು ಡೇಟಾ ತಂತಿಯೊಂದರ ವೋಲ್ಟೇಜ್ ಏರಿಸುತ್ತದೆ. ಆಗ ಯಾರೋ ಬಂದರು ಅಂತ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಮುಂದೆ ಅದು ತಯಾರಕರ ನಂಬರ್, ಮಾಡೆಲ್ ನಂಬರ್ ಕೇಳುತ್ತದೆ. ‘ನಿನ್ನ ಕೆಲಸ ಏನು?’ ಅಂತಲೂ ಕೇಳುತ್ತದೆ. ಉತ್ತರ 08 ಬಂದರೆ ಫೈಲ್ ಇಡುವ ಸಾಧನ. 03 ಬಂದರೆ ಕೀಬೋರ್ಡ್, ಮೌಸ್ ಜಾತಿಯದು. ಕೊನೆಗೆ ಒಳಗೆ ಫೈಲ್‌ಗಳನ್ನು ಯಾವ ಪದ್ಧತಿಯಲ್ಲಿ ಜೋಡಿಸಿದೆ ಅಂತ ನೋಡುತ್ತದೆ: ಫ್ಯಾಟ್32, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್. ಇಷ್ಟಾದ ಮೇಲೆ ವಿಂಡೋಸ್ ‘ಇ’ ಅಥವಾ ‘ಎಫ್’ ಡ್ರೈವ್ ಅಂತ ತೋರಿಸುತ್ತದೆ.

ಈ ಹಂತಗಳು ಗೊತ್ತಿದ್ದರೆ ಮನೆಯ ಫೋಟೋ ಉಳಿಸಿಕೊಳ್ಳಬಹುದು. ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಅಂತ ಬಂದರೆ ಮೊದಲ ವಿಚಾರಣೆಯೇ ಮುಗಿದಿಲ್ಲ ಅಂತ ಅರ್ಥ. ಬೇರೆ ಪೋರ್ಟಿಗೆ, ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ‘ಫಾರ್ಮ್ಯಾಟ್ ಮಾಡಬೇಕೇ?’ ಅಂತ ಕೇಳಿದರೆ ಕಥೆ ಬೇರೆ. ಡ್ರೈವ್‌ನ ಗುರುತು ಸಿಕ್ಕಿದೆ, ಒಳಗಿನ ಜೋಡಣೆ ಮಾತ್ರ ಓದಲು ಬರುತ್ತಿಲ್ಲ. ನಿಮ್ಮ ಮದುವೆ ಫೋಟೋ, ಅಜ್ಜನ ದನಿಯ ರೆಕಾರ್ಡಿಂಗ್ ಇನ್ನೂ ಅಲ್ಲೇ ಇರಬಹುದು. ಗಡಿಬಿಡಿಯಲ್ಲಿ ‘ಹೌದು’ ಒತ್ತಬ್ಯಾಡ್ರಿ. ಕ್ಯಾನ್ಸಲ್ ಮಾಡಿ, ಅದರೊಳಗೆ ಹೊಸದೇನೂ ತುಂಬದೆ, ಡೇಟಾ ರಿಕವರಿ ಬಲ್ಲವರಿಗೆ ತೋರಿಸಿ.

ಇವತ್ತು ಚೆನ್ನಾಗಿ ತೆರೆಯುವ ಪೆನ್‌ಡ್ರೈವ್ ಇದ್ದರೆ, ಅದರ ಇನ್ನೊಂದು ಪ್ರತಿಯನ್ನು ಇವತ್ತೇ ಬೇರೆ ಕಡೆ ಇಟ್ಟುಬಿಡಿ.