ಸಂಸ್ಥಾಪಕರ ಕಥೆ ಬರೆಯುವವರು ಪಾಸ್‌ಬುಕ್ಕನ್ನೂ ಕೇಳಲಿ

ನಮ್ಮ ಕನ್ನಡ ಸಂಘಗಳ ಪ್ರತಿಭಾ ಪುರಸ್ಕಾರದಲ್ಲಿ ವೇದಿಕೆ ಹತ್ತುವ ಮಕ್ಕಳನ್ನು ನಾನು ಇಪ್ಪತ್ತೈದು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಇಂಜಿನಿಯರಿಂಗ್, ಮೆಡಿಕಲ್, ಈಚೆಗೆ ಸಿ.ಎ. ಶಾಲು, ಹಣ್ಣು, ಫಲಕ, ಫೋಟೋ. ಪತ್ರಿಕೋದ್ಯಮ ಓದಿದ ಮಗುವೊಂದು ಶಾಲು ಹೊದ್ದದ್ದನ್ನು ನಾನಂತೂ ಕಂಡಿಲ್ಲ.

ಈ ಮಾತು ಏಕೆ ಬಂತೆಂದರೆ, ಕಲಬುರಗಿಯ ನನ್ನ ತಂಗಿಯ ಮಗಳು ಸಮೂಹ ಸಂವಹನದಲ್ಲಿ ಎಂ.ಎ. ಮುಗಿಸಿ ಹೈದರಾಬಾದಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಮೊದಲ ಎರಡು ವರ್ಷ ಕಂಪನಿಗಳ ಪ್ರಚಾರ ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿದ್ದಳು. ಈಗ ಹೊಸ ಕಂಪನಿ ಕಟ್ಟುವವರ ಬಗ್ಗೆ ಬರೆಯುವ ವರದಿಗಾರ್ತಿ. 'ಅದೇನು ಕೆಲಸಮ್ಮ, ಇನ್ನೊಬ್ಬರ ಅಂಗಡಿ ಉದ್ಘಾಟನೆಗೆ ಹೋಗಿ ಬರೆಯೋದಾ?' ಎಂದು ಸಂಘದ ಹಿರಿಯರೊಬ್ಬರು ಅವಳೆದುರೇ ಕೇಳಿದರು. ಅವಳು ನಕ್ಕು ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಅದು ಸರಿಯಾಗಲಿಲ್ಲ ಎನಿಸಿ ಈ ನಾಲ್ಕು ಮಾತು.

ಈ ಕೆಲಸದಲ್ಲಿ ದಾರಿಯೇ ಇಲ್ಲ ಎನ್ನುವವರು ಶ್ರದ್ಧಾ ಶರ್ಮಾ ಅವರ ಹೆಸರು ಕೇಳಿರಲಿಕ್ಕಿಲ್ಲ. ಪಾಟ್ನಾದ ಹುಡುಗಿ. ದೆಹಲಿಯಲ್ಲಿ ಇತಿಹಾಸ ಓದಿ, ಅಹಮದಾಬಾದಿನ ಮೈಕಾ ಸಂಸ್ಥೆಯಲ್ಲಿ ಸಂವಹನ ಕಲಿತು, ಟೈಮ್ಸ್ ಆಫ್ ಇಂಡಿಯಾದಲ್ಲಿ, ಆಮೇಲೆ ಸಿ.ಎನ್.ಬಿ.ಸಿ. ಟಿವಿ 18 ವಾಹಿನಿಯಲ್ಲಿ ದುಡಿದರು. 2008ರಲ್ಲಿ ಬೆಂಗಳೂರಿನಲ್ಲಿ 'ಯುವರ್ ಸ್ಟೋರಿ' ಆರಂಭಿಸಿದರು. ಆಗ ಪತ್ರಿಕೆಗಳಲ್ಲಿ ಜಾಗ ಸಿಗುತ್ತಿದ್ದುದು ಆಗಲೇ ದೊಡ್ಡವರಾದವರಿಗೆ. ಎರಡು ಕುರ್ಚಿ, ಒಂದು ಕಂಪ್ಯೂಟರ್ ಇಟ್ಟುಕೊಂಡವನ ಕಥೆ ಯಾರಿಗೆ ಬೇಕಿತ್ತು? ಆ ಕಥೆಗಳನ್ನೇ ಬರೆದು ಬರೆದು ಅವರೂ ಒಬ್ಬ ಸಂಸ್ಥಾಪಕಿಯಾದರು. 2015ರ ಸುಮಾರಿಗೆ ಇವರ ಸಂಸ್ಥೆ ಕನ್ನಡವೂ ಸೇರಿದಂತೆ ನಮ್ಮ ದೇಶಭಾಷೆಗಳಲ್ಲಿ ಬರೆಸತೊಡಗಿತು.

ಇಂಥ ಕಥೆಗಳಿಂದ ನಮಗೇನು ಎನ್ನುವವರಿಗೆ ಬಸ್ಸಿನ ಉದಾಹರಣೆ ಸಾಕು. ದೀಪಾವಳಿಗೆ ಬೆಂಗಳೂರು-ಹೈದರಾಬಾದ್ ಟಿಕೆಟ್ಟಿಗಾಗಿ ಟ್ರಾವೆಲ್ಸ್ ಕಚೇರಿಗಳ ಮೆಟ್ಟಿಲು ಹತ್ತಿಳಿಯದ ಕನ್ನಡಿಗ ಈ ಊರಿನಲ್ಲಿ ಯಾರಿದ್ದಾನೆ? 2005ರ ದೀಪಾವಳಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಫಣೀಂದ್ರ ಸಾಮ ಎಂಬ ಈ ಕಡೆಯ ಯುವಕನಿಗೂ ಊರಿಗೆ ಬರಲು ಸೀಟು ಸಿಗಲಿಲ್ಲ. ನಾವು ಟ್ರಾವೆಲ್ಸ್‌ನವರನ್ನು ಬೈದು ಮನೆಗೆ ಮರಳಿದೆವು. ಅವರು ಇಬ್ಬರು ಗೆಳೆಯರೊಂದಿಗೆ 2006ರಲ್ಲಿ ರೆಡ್‌ಬಸ್ ಕಟ್ಟಿದರು. 2013ರಲ್ಲಿ ಅದನ್ನು ಐಬಿಬೊ ಸಮೂಹ ಕೊಂಡಿತು. ಮುಂದೆ ತೆಲಂಗಾಣ ಸರ್ಕಾರ ಅವರನ್ನೇ ಮುಖ್ಯ ನಾವೀನ್ಯ ಅಧಿಕಾರಿಯನ್ನಾಗಿ ಮಾಡಿತು. ಯಾರೋ ವರದಿಗಾರರು ಕೂತು ಕೇಳಿ ಬರೆದಿದ್ದರಿಂದಲ್ಲವೇ ಇದೆಲ್ಲ ನನ್ನಂಥ ಗುಮಾಸ್ತನಿಗೂ ತಿಳಿದದ್ದು?

ಆದರೆ ನನ್ನ ಮುಖ್ಯ ಮಾತು ಇದಲ್ಲ. ನಾವಿರುವುದು ಸತ್ಯಂ ಊರಿನಲ್ಲಿ.

ಬಿ. ರಾಮಲಿಂಗ ರಾಜು ಅವರಿಗೆ 2007ರಲ್ಲಿ ವರ್ಷದ ಉದ್ಯಮಿ ಎಂಬ ಪ್ರಶಸ್ತಿ ಬಂತು. 2008ರಲ್ಲಿ ಅವರ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಚಿನ್ನದ ನವಿಲು ಹೆಸರಿನ ಪ್ರಶಸ್ತಿಯೂ ಬಂತು. ಹೊಗಳಿ ಬರೆದ ಲೇಖನಗಳಿಗಂತೂ ಲೆಕ್ಕವಿಲ್ಲ. 2009ರ ಜನವರಿ 7ರಂದು ಅವರೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಠೇವಣಿ 5,361 ಕೋಟಿ ರೂಪಾಯಿ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ! ಸುಮಾರು 50 ಸಾವಿರ ನೌಕರರ ಅನ್ನದ ಪ್ರಶ್ನೆ. 2015ರ ಏಪ್ರಿಲ್‌ನಲ್ಲಿ ಇಲ್ಲಿಯ ವಿಶೇಷ ನ್ಯಾಯಾಲಯ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು.

ಪತ್ರ ಹೊರಬಿದ್ದ ಮೇಲೆ ನಮ್ಮ ಶಾಖೆಯಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಬೇರೆ ಮಾತೇ ಇಲ್ಲ. ಹೆಡ್ ಕ್ಯಾಷಿಯರ್ ಹೇಳಿದ್ದು ಒಂದೇ ಮಾತು: 'ಠೇವಣಿ ಇದ್ದರೆ ಬ್ಯಾಂಕಿನಲ್ಲಿ ಇರಬೇಕಲ್ಲ, ಬ್ಯಾಂಕಿಗೇ ಬಂದು ಕೇಳಬಹುದಿತ್ತಲ್ಲ?' ಗ್ರಾಹಕನ ಬಾಕಿ ಎಷ್ಟೆಂದು ಲೆಕ್ಕ ಪರಿಶೋಧಕರು ಬ್ಯಾಂಕಿನಿಂದಲೇ ನೇರವಾಗಿ ಪತ್ರ ತರಿಸಿಕೊಳ್ಳುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ವರದಿಗಾರನಿಗೆ ಆ ಪತ್ರ ಸಿಗುವುದಿಲ್ಲ, ಒಪ್ಪೋಣ. ಆದರೆ ಇಷ್ಟೊಂದು ದುಡ್ಡನ್ನು ಸುಮ್ಮನೆ ಬ್ಯಾಂಕಿನಲ್ಲೇಕೆ ಇಟ್ಟಿದ್ದೀರಿ ಸ್ವಾಮಿ ಎಂದು ಕೇಳಲು ಯಾವ ಪತ್ರವೂ ಬೇಕಿರಲಿಲ್ಲ.

ಆದ್ದರಿಂದಲೇ ಪ್ರಚಾರದ ಕೆಲಸಕ್ಕೂ ವರದಿಯ ಕೆಲಸಕ್ಕೂ ನಡುವಿನ ಗೆರೆ ಅಳಿಯಬಾರದು ಎನ್ನುತ್ತೇನೆ. ಪ್ರಚಾರದವನಿಗೆ ಸಂಬಳ ಕೊಡುವವನು ಸಂಸ್ಥಾಪಕ. ಅವನು ಒಳ್ಳೆಯದನ್ನೇ ಹೇಳುತ್ತಾನೆ, ಅದರಲ್ಲಿ ಮೋಸವಿಲ್ಲ. ವರದಿಗಾರ ಋಣಿಯಾಗಿರಬೇಕಾದದ್ದು ಓದುಗನಿಗೆ. ನಮ್ಮಲ್ಲಿ ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ. ಅಧಿಕಾರಿ ತನ್ನ ನೆಂಟನಿಗೆ ತಾನೇ ಸಾಲ ಮಂಜೂರು ಮಾಡುವಂತಿಲ್ಲ. ಸುದ್ದಿಮನೆಯಲ್ಲೂ ಇಂಥದ್ದೊಂದು ಇರಬೇಡವೇ? 2015ರಲ್ಲಿ ಯುವರ್ ಸ್ಟೋರಿಗೆ ಹಣ ಹಾಕಿದವರಲ್ಲಿ ದಿವಂಗತ ರತನ್ ಟಾಟಾ, ಟಿ.ವಿ. ಮೋಹನ್‌ದಾಸ್ ಪೈ ಹಾಗೂ ನಮ್ಮ ಉಸ್ಮಾನಿಯಾದಲ್ಲೇ ಇಂಜಿನಿಯರಿಂಗ್ ಓದಿದ ವಾಣಿ ಕೋಲಾ ಅವರ ಕಲಾರಿ ಕ್ಯಾಪಿಟಲ್ ಇದ್ದರು. ಟಾಟಾ ಅವರೂ ಕಲಾರಿಯೂ ಹಲವು ಹೊಸ ಕಂಪನಿಗಳಿಗೆ ಬಂಡವಾಳ ಕೊಟ್ಟವರು. ತಪ್ಪು ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಬರೆಯುವವರಿಗೂ ಬರೆಸಿಕೊಳ್ಳುವವರಿಗೂ ದುಡ್ಡು ಒಂದೇ ಕಿಸೆಯಿಂದ ಬಂದಿದ್ದರೆ ಆ ವಿಷಯವನ್ನು ಲೇಖನದ ಕೆಳಗೆ ಒಂದು ಸಾಲಿನಲ್ಲಿ ತಿಳಿಸಬೇಕು, ಅಷ್ಟೇ.

ಸೊಸೆಯ ಕೆಲಸ ನೋಡಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂದಿದೆ. ಒಂದು ರಾತ್ರಿ ಹತ್ತೂವರೆಗೆ ಕಾಗದದ ಕಟ್ಟು ತಂದು, 'ಮಾಮ, ಈ ಕಂಪನಿ ನೂರು ಕೋಟಿ ಬಾಳುತ್ತದಂತೆ, ನಷ್ಟವೇ ಕಾಣುತ್ತದಲ್ಲ?' ಎಂದಳು. ಕಂಪನಿಗಳು ರಿಜಿಸ್ಟ್ರಾರ್‌ಗೆ ಸಲ್ಲಿಸಿದ ಲೆಕ್ಕಪತ್ರವನ್ನು ನಿಗದಿತ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಅವಳು ಕಟ್ಟಿ ತಂದಿದ್ದಳು. ನಾನು ವಿವರಿಸಿದೆ: ಯಾರೋ ಹತ್ತು ಕೋಟಿ ಕೊಟ್ಟು ನೂರರಲ್ಲಿ ಹತ್ತು ಪಾಲು ತೆಗೆದುಕೊಂಡರೆ ಕಂಪನಿಯ ಬೆಲೆ ನೂರು ಕೋಟಿ ಎಂದು ಬರೆಯುತ್ತಾರೆ. ಖಾತೆಗೆ ಬಂದದ್ದು ಹತ್ತೇ. ಉಳಿದ ತೊಂಬತ್ತು ಭರವಸೆ. ಸಂಜೆ ಕಾಲೇಜಿನಲ್ಲಿ ನಿದ್ದೆಗಣ್ಣಿನಲ್ಲಿ ಕಲಿತ ಬಿ.ಕಾಂ. ಹೀಗೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

2015ರ ನವೆಂಬರ್‌ನಲ್ಲಿ ಗಚ್ಚಿಬೌಲಿಯಲ್ಲಿ ಟಿ-ಹಬ್ ಆರಂಭವಾಯಿತು, 2022ರಲ್ಲಿ ರಾಯದುರ್ಗದಲ್ಲಿ ಅದರ ದೊಡ್ಡ ಕಟ್ಟಡ ಎದ್ದಿತು. ಅದೇ ವರ್ಷ ನವೆಂಬರ್ 18ರಂದು ಇಲ್ಲಿಯ ಸ್ಕೈರೂಟ್ ಕಂಪನಿಯ ರಾಕೆಟ್ ಹಾರಿತು. ದೇಶದಲ್ಲಿ ಖಾಸಗಿಯವರು ಹಾರಿಸಿದ ಮೊದಲ ರಾಕೆಟ್ ಅದು. ಇಂಥ ಕಡೆ ನಮ್ಮವರ ಮಕ್ಕಳೂ ದುಡಿಯುತ್ತಿದ್ದಾರೆ, ಕೆಲವರು ಸಂಬಳದ ಬದಲು ಶೇರು ಕೊಡುತ್ತೇವೆಂದರೂ ಸರಿ ಎನ್ನುತ್ತಾರೆ. ಆ ಶೇರು ಏನು, ಅದು ಯಾವಾಗ ದುಡ್ಡಾಗುತ್ತದೆ, ಆಗದಿದ್ದರೆ ಗತಿಯೇನು ಎಂದು ಕನ್ನಡದಲ್ಲಿ ಬಿಡಿಸಿ ಹೇಳುವವರು ತೀರ ಕಡಿಮೆ. ತಂದೆ-ತಾಯಿ ಓದುವುದು ಈ ಪುಟವನ್ನು.

ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಎರಡು. ಮುಂದಿನ ಪ್ರತಿಭಾ ಪುರಸ್ಕಾರದ ಅರ್ಜಿಯಲ್ಲಿ ಪತ್ರಿಕೋದ್ಯಮ ಮತ್ತು ಸಂವಹನ ಎಂಬ ಕಾಲಮ್ ಸೇರಿಸಿ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಭಾನುವಾರ ಸಂಜೆ ಇಂಥ ಇಬ್ಬರು ಮೂವರು ಯುವ ವರದಿಗಾರರನ್ನು ಕರೆಸಿ ಮಾತಾಡಿಸಿ. ಉಪ್ಪಿಟ್ಟು-ಕಾಫಿಯ ಖರ್ಚು ನನ್ನದು. ಅಂದು ಪ್ರಶ್ನೆ ಕೇಳಿದ ಹಿರಿಯರು ದಯವಿಟ್ಟು ಮುಂದಿನ ಸಾಲಿನಲ್ಲೇ ಕೂರಬೇಕು. ಈ ಸಲ ನಮ್ಮ ಹುಡುಗಿ ನಕ್ಕು ಸುಮ್ಮನಾಗುವುದಿಲ್ಲ.