ಬೀಳುವ ವಿದ್ಯೆ

ಅಮೆರಿಕಾ ದೇಶದ ಪಶ್ಚಿಮ ಪ್ರಾಂತಗಳಲ್ಲಿ ರೋಡಿಯೊ ಎಂಬ ಪಂದ್ಯವು ಬಹುಕಾಲದಿಂದ ನಡೆದುಬಂದಿರುವುದನ್ನು ನಮ್ಮ ವಾಚಕರಲ್ಲಿ ಕೆಲವರು ಚಲಚ್ಚಿತ್ರಗಳಲ್ಲಾದರೂ ಕಂಡಿರಬಹುದು. ಕುದುರೆಯನ್ನು ಪಳಗಿಸುವುದು, ಕರುವಿಗೆ ಹಗ್ಗ ಬೀಸುವುದು ಮುಂತಾದ ದನಗಾಹಿಗಳ ನಿತ್ಯದ ಕೆಲಸಗಳಿಂದ ಹುಟ್ಟಿದ ಆಟವಿದು. ಗೂಳಿಸವಾರಿಯೊಂದು ಮಾತ್ರ ಯಾವ ದನಗಾಹಿಗೂ ಅಗತ್ಯವಾಗಿದ್ದ ಕೆಲಸವಲ್ಲ. ಅದು ಬರಿಯ ಸಾಹಸ. ಅತ್ಯಂತ ಅಪಾಯಕರವಾದುದೂ ಅದೇ. ಗೂಳಿಯ ಹೆಗಲ ಹಿಂಬದಿಯಲ್ಲಿ ಮೈಸುತ್ತ ಬಿಗಿದ ಹಗ್ಗವನ್ನು ಒಂದೇ ಕೈಯಿಂದ ಹಿಡಿದು ಸವಾರನು 8 ಸೆಕೆಂಡುಗಳ ಕಾಲ ಕುಳಿತಿರತಕ್ಕದ್ದು. ಇನ್ನೊಂದು ಕೈ ಗೂಳಿಗಾಗಲಿ ತನ್ನ ಮೈಗಾಗಲಿ ಸೋಕಿದರೆ ಅಂಕವಿಲ್ಲ. 100 ಅಂಕಗಳಲ್ಲಿ ಅರ್ಧ ಸವಾರನ ಕುಶಲತೆಗೆ. ಉಳಿದರ್ಧ ಗೂಳಿಯ ಕುಪ್ಪಳಿಕೆಗೆ.

ಇಂತಹ ಆಟಕ್ಕೆ ತಾಯಿತಂದೆಗಳು ಮಕ್ಕಳನ್ನು ಹೇಗೆ ಅಣಿಮಾಡುವರೆಂಬುದು ಗೃಹಸ್ಥರಾದ ನಾವು ವಿಚಾರಿಸತಕ್ಕ ವಿಷಯವಾಗಿದೆ. ಐದಾರು ವರ್ಷದ ಮಕ್ಕಳನ್ನು ಮೊದಲು ಕುರಿಯ ಮೇಲೆ ಕೂರಿಸುವರು. (ಮಗು ಬಿದ್ದು ಅಳುವಾಗ ಜನರು ನಗುವುದು ನಮಗೆ ಹಿಡಿಸದು.) ಬಳಿಕ ಕರು, ಎಳೆಯ ಹೋರಿ, ಕಟ್ಟಕಡೆಗೆ ಗೂಳಿ. ಪ್ರೌಢಶಾಲೆಯ ಮಕ್ಕಳ ರೋಡಿಯೊವಿಗಾಗಿ 1949ರಲ್ಲಿ ಟೆಕ್ಸಸಿನಲ್ಲಿ ಒಂದು ಸಂಘವೇ ಸ್ಥಾಪಿತವಾಯಿತು. ವೃತ್ತಿಸವಾರರ ಪರಮಗುರಿಯಾದ ರಾಷ್ಟ್ರೀಯ ಅಂತಿಮ ಪಂದ್ಯಕ್ಕೆ ಆ ವರ್ಷದಲ್ಲಿ ಅತಿ ಹೆಚ್ಚು ಬಹುಮಾನದ ಹಣ ಗಳಿಸಿದ 15 ಮಂದಿಗೆ ಮಾತ್ರ ಪ್ರವೇಶ. ಅಲ್ಲಿ 10 ಸುತ್ತುಗಳು.

ಅಭ್ಯಾಸದ ಬಹುಭಾಗಕ್ಕೆ ಗೂಳಿಯೇ ಬೇಕಿಲ್ಲ. ಪೀಪಾಯಿಯೊಂದನ್ನು ಹಗ್ಗಗಳಿಂದ ತೂಗುಬಿಟ್ಟು, ಹುಡುಗನನ್ನು ಅದರ ಮೇಲೆ ಕೂರಿಸಿ, ಸುತ್ತಲಿನವರು ಹಗ್ಗ ಜಗ್ಗಿ ಕುಲುಕಿಸುತ್ತಾರೆ. ಏಳು ಸಾರಿ ಸರ್ವಾಂಗೀಣ ವಿಶ್ವವಿಜೇತನಾದ ಟೈ ಮರ್ರೆಯು ಮಗುವಾಗಿದ್ದಾಗ ತಾಯಿಯ ಹೊಲಿಗೆಯಂತ್ರದ ಮುಚ್ಚಳವನ್ನೇ ಗೂಳಿಯೆಂದು ಭಾವಿಸಿ ಏರಿ ಕೂಡುತ್ತಿದ್ದನಂತೆ. ದೊಡ್ಡವನಾಗುತ್ತ ಬೇಲಿಯ ಮೇಲೆ ನಡೆದನು, ಒಂಟಿಚಕ್ರದ ಬಂಡಿಯನ್ನು ತುಳಿದನು, ಅಂಗಸಾಧನೆ ಮಾಡಿದನು. ಇದು ತೋಳ್ಬಲಕ್ಕಿಂತ ಸಮತೋಲದ ವಿದ್ಯೆ. 700 ಕಿಲೋಗ್ರಾಮಿನ ಪ್ರಾಣಿಯೊಡನೆ ತೋಳ್ಬಲದಿಂದ ಗೆಲ್ಲುವವರಾರು?

ಆದರೆ ಕುಳಿತಿರುವುದಕ್ಕಿಂತ ಇಳಿಯುವುದನ್ನು ಮೊದಲು ಕಲಿಸಬೇಕೆಂಬುದು ನಮ್ಮ ಮತ. ಬಿಡುವಾದ ಕೈಯಿಂದ ಹಗ್ಗದ ತುದಿಯನ್ನು ಜಗ್ಗಿ ಬಿಗಿತವನ್ನು ಸಡಿಲಿಸಬೇಕು. ಹಗ್ಗ ಹಿಡಿದ ಕೈಯ ಕಡೆಗೇ ಧುಮುಕಬೇಕು. ಎದುರುಬದಿಗೆ ಬಿದ್ದರೆ ಕೈ ಹಗ್ಗದಲ್ಲಿ ಸಿಕ್ಕಿ ಸವಾರನು ಗೂಳಿಯ ಪಕ್ಕೆಗೆ ಜೋತುಬೀಳುವ ಭಯ ಹೆಚ್ಚು. ನೆಲಮುಟ್ಟಿದೊಡನೆ ಎದ್ದು ಬೇಲಿಯತ್ತ ಓಡಬೇಕು. ಈ ಪಾಠವನ್ನು ಪೀಪಾಯಿಯ ಮೇಲಿಂದಲೇ ನೂರಾರು ಸಲ ಒಪ್ಪಿಸಿದ ಹುಡುಗನಿಗೆ ಮಾತ್ರ ಗೂಳಿಯನ್ನು ತೋರಿಸಬೇಕು.

ಇಷ್ಟು ಕಲಿತವನಿಗೂ ಅಭಯವಿಲ್ಲ. ಲೇನ್ ಫ್ರಾಸ್ಟ್ ಎಂಬ ತರುಣನು 1981ರಲ್ಲಿ ಪ್ರೌಢಶಾಲೆಗಳ ಗೂಳಿಸವಾರಿಯಲ್ಲಿ ರಾಷ್ಟ್ರವಿಜೇತನಾಗಿ, 1987ರಲ್ಲಿ ವಿಶ್ವವಿಜೇತನೂ ಆದವನು. 1989ರ ಜುಲೈ 30ರಂದು ಶಯೆನ್ ನಗರದಲ್ಲಿ ಅವನು 8 ಸೆಕೆಂಡುಗಳನ್ನು ಪೂರೈಸಿಯೇ ಇಳಿದಿದ್ದನು. ಕೆಸರಿನಲ್ಲಿ ಬಿದ್ದವನ ಕಡೆಗೆ ಗೂಳಿ ತಿರುಗಿ ಬೆನ್ನಿಗೆ ಕೊಂಬು ಒತ್ತಿತು. ಎದ್ದನು, ಸಹಾಯಕ್ಕೆ ಕೈಬೀಸಿದನು, ಕುಸಿದನು. ವಯಸ್ಸು 25. ಅವನ ಗೆಳೆಯ ಕೋಡಿ ಲ್ಯಾಂಬರ್ಟನು ಆ ದುಃಖದಲ್ಲಿ ಸುಮ್ಮನೆ ಕೂಡದೆ, ಪಂದ್ಯದ ಕುದುರೆಸವಾರರು ತೊಡುವ ಕವಚವನ್ನು ನೋಡಿ ಗೂಳಿಸವಾರರಿಗೆ ತಕ್ಕ ಎದೆಗವಚವೊಂದನ್ನು ರೂಪಿಸಿದನು. ಇಂದು ಹುಡುಗರು ಅದನ್ನು ತೊಟ್ಟೇ ಅಭ್ಯಾಸಕ್ಕಿಳಿಯುವರು.

ಮಗನು ಯಾವಾಗ ಕರುವಿನಿಂದ ಹೋರಿಗೆ, ಹೋರಿಯಿಂದ ಗೂಳಿಗೆ ಏರಬೇಕೆಂಬುದನ್ನು ನೆರೆಮನೆಯ ಹುಡುಗನ ಪ್ರಾಯವಾಗಲಿ ತಂದೆಯ ಹೆಮ್ಮೆಯಾಗಲಿ ನಿರ್ಣಯಿಸಬಾರದು. ಹುಡುಗನು ‘ಇಂದು ಬೇಡ’ ಎಂದರೆ ಆ ದಿನ ಬೇಡ. ಶಿರಸ್ತ್ರಾಣದ ವಿಷಯದಲ್ಲಿಯಂತೂ ಹಳಬರ ಹಟ ಬಲವಾದುದು. ಅಗಲವಾದ ಹ್ಯಾಟು ಅವರಿಗೆ ಕುಲಲಾಂಛನ. ಆದುದರಿಂದ ವೃತ್ತಿಪರ ಗೂಳಿಸವಾರರ ಸಂಸ್ಥೆಯು 2013ರಲ್ಲಿ ಹಳಬರನ್ನು ಅವರ ಪಾಡಿಗೆ ಬಿಟ್ಟು, 1994ರ ಅಕ್ಟೋಬರ್ 15ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲರೂ ಶಿರಸ್ತ್ರಾಣ ಧರಿಸಿಯೇ ಗೂಳಿಯೇರತಕ್ಕದ್ದೆಂದು ವಿಧಿಸಿತು.